ಇನ್ನೂ ಕಾಣದ ಮೊಡವೆಗೆ ಮದ್ದು

ಹುಡುಗಿ: ಚಿಕ್ಕಮ್ಮ, ಇದನ್ನ ಸ್ವಲ್ಪ ನೋಡಿ. ಚರ್ಮದ ಡಾಕ್ಟರು ಬರೆದುಕೊಟ್ಟಿದ್ದು. ಅಡಾಪಲೀನ್ ಜೆಲ್, 0.1 ಪರ್ಸೆಂಟ್. ರಾತ್ರಿ ಹೊತ್ತು ಹಚ್ಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಹೊರಗಡೆ ಅಷ್ಟೊಂದು ಜನ ಕಾಯ್ತಾ ಇದ್ದರು, ಹೆಚ್ಚಿಗೆ ಕೇಳೋಕೆ ಆಗಲಿಲ್ಲ.

ಚಿಕ್ಕಮ್ಮ: ಬರೆದಿರೋದು ಸರಿಯಾಗೇ ಇದೆ. ಮೊಡವೆಗೆ ಮೊದಲು ಕೊಡಬೇಕಾದ ಔಷಧಿಗಳಲ್ಲಿ ಇದೂ ಒಂದು. ಆದರೆ ಟ್ಯೂಬನ್ನ ಕೌಂಟರ್ ಮೇಲಿಟ್ಟು ದುಡ್ಡು ಎಣಿಸಿಕೊಂಡು ಕಳಿಸಿಬಿಟ್ಟರೆ ಅರ್ಧ ಕೆಲಸವೂ ಆದ ಹಾಗಲ್ಲ. ಮೆಡಿಕಲ್ ಶಾಪಿನಲ್ಲಿ ನಿಂತಷ್ಟು ವರ್ಷವೂ ನಾನು ನೋಡಿದ್ದು ಇದನ್ನೇ. ತಗೊಂಡು ಹೋದೋರು ವಾರ ಕಳೆಯೋದರೊಳಗೆ ವಾಪಸ್ ಬರ್ತಾರೆ. ಮುಖ ಉರೀತಿದೆ, ಸಿಪ್ಪೆ ಏಳ್ತಿದೆ, ಇದು ನನಗೆ ಆಗಿಬರಲ್ಲ ಅಂತಾರೆ. ಎಷ್ಟೋ ಜನ ವಾಪಸ್ಸೂ ಬರಲ್ಲ, ಟ್ಯೂಬನ್ನ ಕಪಾಟಿನಲ್ಲಿ ಹಾಗೇ ಬಿಟ್ಟುಬಿಡ್ತಾರೆ. ಶುರು ಮಾಡೋ ರೀತಿ ಒಂದನ್ನ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅವರಲ್ಲಿ ಬಹಳ ಜನಕ್ಕೆ ಅದೇ ಔಷಧಿ ಕೈ ಹಿಡೀತಿತ್ತು.

ಹುಡುಗಿ: ಶುರು ಮಾಡೋಕೆ ಅಂಥದ್ದೇನಿದೆ? ಮೊಡವೆ ಇರೋ ಕಡೆ ಒಂದೊಂದು ಚುಕ್ಕೆ ಇಟ್ಟು ಮಲಗೋದು ತಾನೇ?

ಚಿಕ್ಕಮ್ಮ: ಎಲ್ಲರೂ ಎಡವೋದು ಅಲ್ಲೇ. ಈಗ ನಿನ್ನ ಕೆನ್ನೆ ಮೇಲೆ ಕೆಂಪಗೆ ಎದ್ದಿದೆಯಲ್ಲ, ಅದಕ್ಕೆ ಈ ಜೆಲ್ಲಿನಿಂದ ಹೆಚ್ಚೇನೂ ಆಗಲ್ಲ. ಅದು ತನ್ನ ಪಾಡಿಗೆ ಹಣ್ಣಾಗಿ ಒಣಗಿ ಹೋಗುತ್ತೆ. ಈ ಔಷಧಿ ಇರೋದು ಇನ್ನೂ ಕಣ್ಣಿಗೆ ಕಾಣದ ಮೊಡವೆಗೆ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಏಳಬೇಕಾಗಿರೋದಕ್ಕೆ.

ಹುಡುಗಿ: ಕಾಣದೇ ಇರೋದಕ್ಕೆ ಎಲ್ಲಿ ಅಂತ ಹಚ್ಚಲಿ?

ಚಿಕ್ಕಮ್ಮ: ಅದಕ್ಕೇ ಇಡೀ ಮುಖಕ್ಕೆ ಹಚ್ಚಬೇಕು. ಒಳಗೆ ನಡೆಯೋದನ್ನ ಕೇಳು. ನಮ್ಮ ಮುಖದ ತುಂಬ ರೋಮಕೂಪಗಳಿವೆ, ಒಂದೊಂದಕ್ಕೂ ಅಂಟಿಕೊಂಡು ಎಣ್ಣೆ ಒಸರೋ ಗ್ರಂಥಿ ಇದೆ. ಕೂಪದ ಒಳಗೋಡೆಯ ಚರ್ಮ ಸತ್ತು ಪುಡಿಪುಡಿಯಾಗಿ ಉದುರಿ ಎಣ್ಣೆಯ ಜೊತೆ ಹೊರಗೆ ಬಂದುಬಿಟ್ಟರೆ ತೊಂದರೆ ಇಲ್ಲ. ಮೊಡವೆ ಏಳೋ ಮುಖದಲ್ಲಿ ಈ ಸತ್ತ ಜೀವಕೋಶಗಳು ಉದುರೋ ಬದಲು ಒಂದಕ್ಕೊಂದು ಅಂಟಿಕೊಂಡು ಬಾಯಿ ಕಟ್ಟಿಬಿಡುತ್ತವೆ. ಹಿಂದೆ ಎಣ್ಣೆ ತುಂಬಿಕೊಳ್ಳುತ್ತೆ. ಆ ಎಣ್ಣೆ ತಿಂದು ಬದುಕೋ ಬ್ಯಾಕ್ಟೀರಿಯಾ ಬೆಳೆಯುತ್ತೆ, ಆಮೇಲೆ ಊತ, ಕೀವು. ಮೊದಲನೇ ಹಂತದ ಆ ಕಟ್ಟುವಿಕೆ ಎಷ್ಟು ಸಣ್ಣದು ಅಂದರೆ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತರೂ ನಿನಗೆ ಕಾಣಲ್ಲ. ನಯವಾಗಿದೆ ಅಂದುಕೊಂಡಿರೋ ಚರ್ಮದಲ್ಲೂ ಅದು ಇರುತ್ತೆ. ಕಾಣೋ ಮೊಡವೆ ಆಗೋಕೆ ವಾರಗಳೇ ಹಿಡಿಯುತ್ತವೆ. ಅಡಾಪಲೀನ್, ಟ್ರೆಟಿನಾಯಿನ್, ಈ ರೆಟಿನಾಯ್ಡ್ ಜಾತಿಯ ಮುಲಾಮುಗಳೆಲ್ಲ ಜೀವಕೋಶದ ಒಳಗೆ ಹೋಗಿ, ಅದು ಬೆಳೆದು ಉದುರೋ ಕ್ರಮವನ್ನೇ ತಿದ್ದುತ್ತವೆ. ಜೊತೆಗೆ ಊತವನ್ನೂ ಸ್ವಲ್ಪ ತಗ್ಗಿಸುತ್ತವೆ. ಕಳೆ ಎದ್ದ ಮೇಲೆ ಕೀಳೋದು ಒಂದು ಕೆಲಸ, ಬೀಜ ಮೊಳೆಯದ ಹಾಗೆ ನೋಡಿಕೊಳ್ಳೋದು ಇನ್ನೊಂದು. ಇದು ಎರಡನೇ ಕೆಲಸ.

ಹುಡುಗಿ: ಹಾಗಾದರೆ ಮೂರು ತಿಂಗಳು ಅಂದಿದ್ದು ಇದಕ್ಕಾ?

ಚಿಕ್ಕಮ್ಮ: ಇದಕ್ಕೇ. ಇವತ್ತು ಹಚ್ಚೋಕೆ ಶುರು ಮಾಡಿದರೂ, ಈಗಾಗಲೇ ಕಟ್ಟಿಕೊಂಡು ಕೂತಿರೋವೆಲ್ಲ ಒಂದೊಂದಾಗಿ ಏಳ್ತಾ ಹೋಗುತ್ತವೆ. ಹೊಸದು ಕಟ್ಟಿಕೊಳ್ಳೋದು ನಿಂತಿದೆಯೋ ಇಲ್ಲವೋ ಅಂತ ತಿಳಿಯೋಕೆ ಎಂಟರಿಂದ ಹನ್ನೆರಡು ವಾರ ಬೇಕೇ ಬೇಕು. ನಾಲ್ಕನೇ ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಟ್ಟವರು ಔಷಧಿಯನ್ನ ಪರೀಕ್ಷೆಯೇ ಮಾಡಲಿಲ್ಲ ಅಂತ ನಾನು ಹೇಳ್ತೀನಿ.

ಹುಡುಗಿ: ಅಮ್ಮ ಹೇಳ್ತಾರೆ, ಇದೆಲ್ಲ ಎ ವಿಟಮಿನ್ನಿಂದ ಮಾಡೋದಂತೆ, ನುಗ್ಗೆಸೊಪ್ಪು, ಪಪ್ಪಾಯ ತಿಂದರೆ ಸಾಕು ಅಂತ.

ಚಿಕ್ಕಮ್ಮ: ನಿಮ್ಮಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಈ ಔಷಧಿಗಳ ಕುಟುಂಬ ಎ ವಿಟಮಿನ್ನಿನದೇ. ನುಗ್ಗೆಸೊಪ್ಪು ಖಂಡಿತ ತಿನ್ನು, ಕಣ್ಣಿಗೆ, ರಕ್ತಕ್ಕೆ ಒಳ್ಳೇದು. ಅಂಗನವಾಡಿಯಲ್ಲಿ ಮಕ್ಕಳ ಬಾಯಿಗೆ ಆರಾರು ತಿಂಗಳಿಗೆ ಎ ವಿಟಮಿನ್ ಸಿರಪ್ ಹಾಕ್ತಾರಲ್ಲ, ಇರುಳುಗಣ್ಣು ಬರದಿರಲಿ ಅಂತ, ಅದೂ ಇದೇ ವಿಟಮಿನ್. ಆದರೆ ತಿಂದ ಸೊಪ್ಪಿನ ಸತ್ವ ಎಷ್ಟು ಬೇಕೋ ಅಷ್ಟನ್ನೇ ದೇಹ ತೂಕ ಹಾಕಿ ಬಳಸುತ್ತೆ. ಮುಖದ ರೋಮಕೂಪಕ್ಕೆ ಹೆಚ್ಚಿಗೆ ಕಳಿಸು ಅಂದರೆ ಕಳಿಸಲ್ಲ. ಮೊಡವೆ ಹೋಗಲಿ ಅಂತ ಎ ವಿಟಮಿನ್ ಗುಳಿಗೆ ನುಂಗೋಕೆ ಮಾತ್ರ ಹೋಗಬೇಡ. ಅದು ದೇಹದಲ್ಲಿ ಶೇಖರವಾಗಿ ಲಿವರಿಗೆ ಕೆಡುಕು ಮಾಡುತ್ತೆ.

ಹುಡುಗಿ: ನಮ್ಮ ಪಿಜಿಯಲ್ಲಿ ಒಬ್ಬಳು ರೆಟಿನಾಲ್ ಸೀರಮ್ ಹಾಕ್ತಾಳೆ. ಅದಕ್ಕೆ ಚೀಟಿನೂ ಬೇಡ. ಅದೇ ಸಾಲದಾ?

ಚಿಕ್ಕಮ್ಮ: ರೆಟಿನಾಲ್ ಚರ್ಮದೊಳಗೆ ಹೋಗಿ ಎರಡು ಸಲ ರೂಪ ಬದಲಿಸಬೇಕು. ಮೊದಲು ರೆಟಿನಾಲ್ಡಿಹೈಡ್, ಆಮೇಲೆ ರೆಟಿನಾಯಿಕ್ ಆಸಿಡ್. ಕೆಲಸ ಮಾಡೋದು ಆ ಕೊನೆಯದು. ಹೋಗ್ತಾ ಹೋಗ್ತಾ ಬಲ ಇಳಿದುಹೋಗುತ್ತೆ. ಟ್ರೆಟಿನಾಯಿನ್ ಅನ್ನೋದು ನೇರ ಆ ರೆಟಿನಾಯಿಕ್ ಆಸಿಡ್ಡೇ. ನಿನ್ನ ಅಡಾಪಲೀನ್ ಪ್ರಯೋಗಾಲಯದಲ್ಲಿ ಕಟ್ಟಿದ ಅಣು, ರೂಪ ಬದಲಿಸದೆ ಅದೇ ಜಾಗಕ್ಕೆ ಹೋಗಿ ಕೂರುತ್ತೆ. ಸುಕ್ಕಿಗೆ, ಕಾಂತಿಗೆ ಅಂತ ಸೀರಮ್ ಹಾಕೋರು ಹಾಕಲಿ. ಮೊಡವೆಗೆ ಔಷಧಿ ಅಂತ ಪರೀಕ್ಷೆಯಾಗಿ ನಿಂತಿರೋದು ಇವು. ಎರಡನ್ನೂ ಒಟ್ಟಿಗೆ ಹಾಕೋ ಆಸೆಗೆ ಮಾತ್ರ ಬೀಳಬೇಡ.

ಹುಡುಗಿ: ಅಮೆರಿಕದಲ್ಲಿರೋ ನಮ್ಮ ದೊಡ್ಡಪ್ಪನ ಮಗಳು ಅಡಾಪಲೀನನ್ನ ಅಂಗಡಿ ಶೆಲ್ಫಿನಿಂದ ತಾನೇ ತಗೊಂಡು ಬರ್ತಾಳಂತೆ. ಇಲ್ಲಿ ಯಾಕೆ ಚೀಟಿ ಕೇಳ್ತಾರೆ?

ಚಿಕ್ಕಮ್ಮ: ಅಲ್ಲಿ 1996ರಿಂದ ಚೀಟಿ ಮೇಲೆ ಕೊಡ್ತಿದ್ದರು. ಇಪ್ಪತ್ತು ವರ್ಷ ನೋಡಿ, 2016ರಲ್ಲಿ ಈ 0.1 ಪರ್ಸೆಂಟ್ ಜೆಲ್ಲನ್ನ ಚೀಟಿ ಇಲ್ಲದೆ ಮಾರಬಹುದು ಅಂತ ಬಿಟ್ಟರು. ನಮ್ಮಲ್ಲಿ ಇದು ಚೀಟಿ ಔಷಧಿ. ಡಬ್ಬದ ಮೇಲೆ ಆರ್‌ಎಕ್ಸ್ ಅಂತ ಗುರುತು ಇದೆ ನೋಡು. ಇಲ್ಲಿ ಚೀಟಿ ಕೇಳೋದು ಒಳ್ಳೇದೇ ಅಂತ ನನ್ನ ಅಭಿಪ್ರಾಯ. ಕಾರಣ ಆಮೇಲೆ ಹೇಳ್ತೀನಿ, ಅದು ದೊಡ್ಡ ಕಥೆ.

ಹುಡುಗಿ: ಮೊದಲು ಉರಿ ಬಗ್ಗೆ ಹೇಳಿ. ನನಗೆ ಭಯ ಇರೋದು ಅದೇ. ಸಿಪ್ಪೆ ಏಳದೇ ಇದ್ದರೆ ಔಷಧಿ ಹಿಡೀತಿಲ್ಲ ಅಂತ ಅರ್ಥ ಅಂತಾರಲ್ಲ ಎಲ್ಲರೂ?

ಚಿಕ್ಕಮ್ಮ: ಆ ನಂಬಿಕೆಗೂ ಒಂದು ಚರಿತ್ರೆ ಇದೆ. ಟ್ರೆಟಿನಾಯಿನ್ನನ್ನ ಮೊಡವೆಗೆ ಹಚ್ಚಬಹುದು ಅಂತ ಜಗತ್ತಿಗೆ ತೋರಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್, ಅವರ ಜೊತೆ ಜೇಮ್ಸ್ ಫುಲ್ಟನ್, ಗೆರ್ಡ್ ಪ್ಲೆವಿಗ್. 1969ರಲ್ಲಿ ಅವರ ಲೇಖನ ಬಂತು, 1971ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. ಆಗಿನ ದ್ರಾವಣ ಬಹಳ ಚುರುಕಿನದು. ಹಚ್ಚಿದವರ ಮುಖ ಕೆಂಪಾಗಿ ಸಿಪ್ಪೆ ಸುಲಿಯೋದು. ಆ ಸುಲಿತದಿಂದಲೇ ಮೊಡವೆ ಹೋಗೋದು ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಗೊತ್ತಾಗಿದ್ದು, ಉರಿಗೂ ಗುಣಕ್ಕೂ ಅಂಥ ಗಂಟಿಲ್ಲ ಅಂತ. ಅಡಾಪಲೀನ್ 0.1 ಮತ್ತು ಟ್ರೆಟಿನಾಯಿನ್ 0.025 ಪರ್ಸೆಂಟ್ ಜೆಲ್ಲನ್ನ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೊಡವೆ ಇಳಿಸೋದರಲ್ಲಿ ಹೆಚ್ಚುಕಡಿಮೆ ಸಮ, ಉರಿ ಮಾತ್ರ ಅಡಾಪಲೀನಿನಲ್ಲಿ ಕಡಿಮೆ. ಸಿಪ್ಪೆ ಏಳದೆಯೂ ವಾಸಿಯಾಗುತ್ತೆ. ಇದನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಕೊ.

ಹುಡುಗಿ: ಕ್ಲಿಗ್‌ಮನ್ ಅಂದರೆ, ಜೈಲಿನಲ್ಲಿ ಪ್ರಯೋಗ ಮಾಡಿದ್ದು ಅಂತಾರಲ್ಲ, ಅವರೇನಾ?

ಚಿಕ್ಕಮ್ಮ: ಅವರೇ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲು. 1950ರ ದಶಕದ ಆರಂಭದಿಂದ 1974ರವರೆಗೆ ಅಲ್ಲಿನ ಕೈದಿಗಳ ಮೈಮೇಲೆ ಏನೇನೋ ಹಚ್ಚಿ ನೋಡಿದರು. ರೆಟಿನಾಯಿಕ್ ಆಸಿಡ್ ಕೂಡ ಅಲ್ಲಿ ಹಚ್ಚಿ ನೋಡಿದ್ದೇ. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ನಾಲ್ಕು ಕಾಸು ಸಿಗುತ್ತೆ ಅಂತ ಬೆನ್ನು, ತೋಳು ಒಡ್ಡಿದೋರು. ಏನು ಹಚ್ಚುತ್ತಿದ್ದಾರೆ ಅಂತ ಸರಿಯಾಗಿ ಹೇಳಿದ್ದೂ ಇಲ್ಲ. 1998ರಲ್ಲಿ ಆಲೆನ್ ಹಾರ್ನ್‌ಬ್ಲಮ್ ಅನ್ನೋರು ಇದರ ಮೇಲೆ ಪುಸ್ತಕ ಬರೆದು ಎಲ್ಲಾ ಹೊರಗೆ ತಂದರು. ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2021ರಲ್ಲಿ, ಊರಿನ ಆಡಳಿತ 2022ರಲ್ಲಿ ಕ್ಷಮೆ ಕೇಳಿದವು. ಆ ಹೊತ್ತಿಗೆ ಕ್ಲಿಗ್‌ಮನ್ ತೀರಿಕೊಂಡು ಹತ್ತು ವರ್ಷ ದಾಟಿತ್ತು, ಕೈದಿಗಳಲ್ಲೂ ಎಷ್ಟೋ ಜನ ಇರಲಿಲ್ಲ. ನಿನ್ನ ಕೈಲಿರೋ ಟ್ಯೂಬಿನ ವಿದ್ಯೆ ಅಲ್ಲಿಂದ ಬಂತು ಅನ್ನೋದನ್ನ ನಾನು ಮರೆಯೋಕೆ ಬಯಸಲ್ಲ. ಔಷಧಿ ಕೊಡೋವಾಗ ನಾಲ್ಕು ಮಾತು ಬಿಡಿಸಿ ಹೇಳೋದು ಆ ಜನಕ್ಕೆ ಸಿಗಲಿಲ್ಲ. ನಮ್ಮ ಕೌಂಟರಿನ ಮುಂದೆ ನಿಂತೋರಿಗಾದರೂ ಸಿಗಬೇಕು.

ಹುಡುಗಿ: ಸರಿ, ನನ್ನ ಬಣ್ಣದ ಚರ್ಮಕ್ಕೆ ಬೇರೆ ಏನಾದರೂ ಜೋಪಾನ ಇದೆಯಾ? ಮೊಡವೆಗಿಂತ ಅದು ಬಿಟ್ಟು ಹೋಗೋ ಕಲೆಯೇ ನನಗೆ ಜಾಸ್ತಿ ಬೇಜಾರು. ಯಾವ ಫಂಕ್ಷನ್ನಿಗೆ ಹೋದರೂ 'ಮುಖಕ್ಕೇನಾಯ್ತೇ' ಅಂತಾರೆ.

ಚಿಕ್ಕಮ್ಮ: ಇದೇ ನಾನು ಹೇಳಬೇಕು ಅಂತಿದ್ದ ಮುಖ್ಯ ಮಾತು. ನಮ್ಮಂಥ ಗೋಧಿ ಬಣ್ಣ, ಎಣ್ಣೆಗಪ್ಪು ಬಣ್ಣದ ಚರ್ಮಕ್ಕೆ ಸಣ್ಣ ನೋವಾದರೂ ಅದು ಕಪ್ಪು ಕಲೆ ಬಿಟ್ಟು ಹೋಗುತ್ತೆ. ಮೊಡವೆ ಹತ್ತು ದಿನ ಇದ್ದರೆ ಕಲೆ ತಿಂಗಳುಗಟ್ಟಲೆ ಇರುತ್ತೆ. ಮೊಡವೆಯಿಂದ ಮಾತ್ರ ಅಲ್ಲ, ಔಷಧಿಯ ಉರಿಯಿಂದ ಚರ್ಮ ಕೆರಳಿದರೂ ಅದೇ ಕಲೆ. ಬೆಳ್ಳಗಿರೋರ ಮುಖ ಎರಡು ವಾರ ಕೆಂಪಾಗಿ ಸಿಪ್ಪೆ ಎದ್ದು ಸರಿಹೋಗಬಹುದು. ನಮ್ಮ ಮುಖದಲ್ಲಿ ಆ ಎರಡು ವಾರದ ಗುರುತು ದೀಪಾವಳಿಯಿಂದ ಯುಗಾದಿವರೆಗೂ ಉಳಿಯಬಹುದು. ಹೊರಗಿನ ದೇಶದೋರು ತಮ್ಮ ಚರ್ಮ ನೋಡಿಕೊಂಡು 'ಒಂದಷ್ಟು ದಿನ ತಡ್ಕೊಳ್ಳಿ' ಅಂತ ಹೇಳೋ ಮಾತು ನಮಗೆ ಹೊಂದಲ್ಲ. ನಾವು ತಡ್ಕೊಳ್ಳೋ ಹಾಗೆ ಶುರು ಮಾಡೋದೇ ತಪ್ಪು, ಉರಿಯೇ ಬರದ ಹಾಗೆ ಶುರು ಮಾಡಬೇಕು. ನಿಧಾನವಾಗಿ ಹೋದರೆ ಈ ಔಷಧಿ ಮೊಡವೆಯ ಜೊತೆಗೆ ಹಳೇ ಕಲೆಯನ್ನೂ ತಿಳಿಮಾಡುತ್ತೆ. ಅವಸರ ಮಾಡಿದರೆ ಹೊಸ ಕಲೆ ಕೊಡುತ್ತೆ.

ಹುಡುಗಿ: ಉರಿಯೇ ಬರದ ಹಾಗೆ ಅಂದರೆ ಹೇಗೆ? ಬಿಡಿಸಿ ಹೇಳಿ, ಬರ್ಕೊಳ್ತೀನಿ.

ಚಿಕ್ಕಮ್ಮ: ಮೊದಲ ಎರಡು ಮೂರು ವಾರ, ವಾರಕ್ಕೆ ಎರಡೇ ರಾತ್ರಿ. ಸೋಮವಾರ, ಗುರುವಾರ ಅಂತ ಇಟ್ಕೊ. ಚರ್ಮ ಸುಮ್ಮನಿದ್ದರೆ ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಅದೂ ಒಗ್ಗಿದ ಮೇಲೆ ದಿನಾ ರಾತ್ರಿ. ದಿನಾ ಒಗ್ಗಲಿಲ್ಲ ಅಂದರೆ ದಿನ ಬಿಟ್ಟು ದಿನದಲ್ಲೇ ನಿಂತುಬಿಡು, ಸೋತ ಹಾಗೇನಲ್ಲ. ಮುಖ ತೊಳೆದು ಟವೆಲಿನಲ್ಲಿ ಒತ್ತಿ ಒರೆಸು, ಉಜ್ಜಬೇಡ. ಇಪ್ಪತ್ತು ನಿಮಿಷ ಬಿಡು. ಹಸಿ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಒಳಗೆ ಇಳಿದು ಉರಿಯುತ್ತೆ. ಮೊದಲು ಬರೀ ಮಾಯಿಶ್ಚರೈಸರ್ ತೆಳ್ಳಗೆ ಹಚ್ಕೊ, ಅದು ಹೀರಿದ ಮೇಲೆ ಜೆಲ್, ಬೇಕಿದ್ದರೆ ಅದರ ಮೇಲೆ ಇನ್ನೊಮ್ಮೆ ಮಾಯಿಶ್ಚರೈಸರ್. ಒಗ್ಗೋವರೆಗೆ ಹೀಗೆ ಮಾಡಿದರೆ ತಪ್ಪಿಲ್ಲ.

ಹುಡುಗಿ: ಎಷ್ಟು ಹಚ್ಚಲಿ? ನಾನು ಟೂತ್‌ಪೇಸ್ಟಿನ ಹಾಗೆ ಒಂದು ಗೆರೆ ಅಂದ್ಕೊಂಡಿದ್ದೆ.

ಚಿಕ್ಕಮ್ಮ: ಅಯ್ಯೋ ಬೇಡ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಹಣೆಗೆ ಒಂದು ಚುಕ್ಕೆ, ಎರಡು ಕೆನ್ನೆಗೆ ಒಂದೊಂದು, ಗದ್ದಕ್ಕೆ ಒಂದು. ಅಲ್ಲಿಂದ ತೆಳ್ಳಗೆ ಹರಡು. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗಲ್ಲ, ಬೇಗ ಉರಿಯುತ್ತೆ. ಮೂಗಿನ ಪಕ್ಕದ ಸಂದು, ತುಟಿಯ ಮೂಲೆ, ಕಣ್ಣಿನ ಸುತ್ತ, ಈ ಮೂರು ಕಡೆ ಚರ್ಮ ತೆಳು, ಜೆಲ್ ಅಲ್ಲಿಗೆ ಜಾರಿ ಹೋಗಿ ಕೂರುತ್ತೆ. ಹಚ್ಚೋಕೆ ಮುಂಚೆ ಅಲ್ಲಿಗೆಲ್ಲ ಚೂರು ವ್ಯಾಸಲೀನ್ ಸವರಿಬಿಡು.

ಹುಡುಗಿ: ಇಷ್ಟೆಲ್ಲ ಮಾಡಿದರೂ ಉರಿದರೆ?

ಚಿಕ್ಕಮ್ಮ: ಎರಡು ಮೂರು ರಾತ್ರಿ ನಿಲ್ಲಿಸು. ಬರೀ ಮಾಯಿಶ್ಚರೈಸರ್ ಹಚ್ಚು. ಸುಮ್ಮನಾದ ಮೇಲೆ ಮತ್ತೆ ಶುರು ಮಾಡು, ಈ ಸಲ ಅರ್ಧ ಗಂಟೆ ಇಟ್ಟು ತೊಳೆದುಬಿಡು. ಹಾಗೆ ಹಚ್ಚಿ ತೊಳೆಯೋದೂ ಒಂದು ಒಪ್ಪಿತ ಕ್ರಮವೇ. ಸ್ವಲ್ಪ ಒಣಗೋದು, ಮಾತಾಡುವಾಗ ಬಿಗಿ ಅನ್ನಿಸೋದು, ಇದು ಮೊದಲ ತಿಂಗಳಲ್ಲಿ ಸಾಮಾನ್ಯ. ಮುಖ ಊದಿಕೊಳ್ಳೋದು, ನೀರು ಒಸರೋದು, ತಡೆಯದಷ್ಟು ತುರಿಕೆ, ಇವು ಸಾಮಾನ್ಯ ಅಲ್ಲ. ಆಗ ನಿಲ್ಲಿಸಿ ಡಾಕ್ಟರ ಹತ್ರ ಹೋಗು.

ಹುಡುಗಿ: ಮೊದಲು ಮೊಡವೆ ಜಾಸ್ತಿಯಾಗಿ ಆಮೇಲೆ ಕಡಿಮೆಯಾಗುತ್ತಂತೆ?

ಚಿಕ್ಕಮ್ಮ: ಕೆಲವರಿಗೆ ಹಾಗಾಗುತ್ತೆ, ಎಲ್ಲರಿಗೂ ಅಲ್ಲ. ಒಳಗೆ ಕಟ್ಟಿಕೊಂಡಿದ್ದವು ಒಂದೇ ಸಲ ಮೇಲೆ ಬರಬಹುದು. ಸಾಮಾನ್ಯವಾಗಿ ನಿನಗೆ ಏಳೋ ಜಾಗದಲ್ಲೇ ಎದ್ದು, ಒಂದು ಒಂದೂವರೆ ತಿಂಗಳಲ್ಲಿ ತಣ್ಣಗಾದರೆ ಚಿಂತೆ ಬೇಡ. ಯಾವತ್ತೂ ಏಳದ ಕಡೆ ಸಣ್ಣ ಸಣ್ಣ ಗುಳ್ಳೆ ಎದ್ದು ಉರಿದರೆ ಅದು ಚರ್ಮ ಕೆರಳಿರೋದು. 'ಜಾಸ್ತಿಯಾಗ್ತಿದೆ, ಹಾಗಾದರೆ ಔಷಧಿ ಹಿಡೀತಿದೆ' ಅಂತ ಸಮಾಧಾನ ಮಾಡ್ಕೊಂಡು ಮುಂದುವರಿಸಬೇಡ.

ಹುಡುಗಿ: ನನ್ನ ಹತ್ರ ಇರೋ ಉಳಿದ ಸಾಮಾನೆಲ್ಲ? ಸ್ಕ್ರಬ್, ಸ್ಯಾಲಿಸಿಲಿಕ್ ಫೇಸ್‌ವಾಶ್, ವಿಟಮಿನ್ ಸಿ. ಭಾನುವಾರ ಅಮ್ಮ ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ಕೊಡ್ತಾರೆ.

ಚಿಕ್ಕಮ್ಮ: ಎರಡು ತಿಂಗಳು ಎಲ್ಲಕ್ಕೂ ರಜೆ. ನಿಂಬೆರಸಕ್ಕಂತೂ ಶಾಶ್ವತವಾಗಿ ರಜೆ ಕೊಡು. ನೊರೆ ಸೋಪಿನ ಕ್ಷಾರ ಚರ್ಮದ ಸಹಜ ಹುಳಿಯನ್ನ ಕೆಡಿಸುತ್ತೆ, ಅದರ ಬದಲು ಮೆದುವಾದ ಒಂದು ಫೇಸ್‌ವಾಶ್ ಸಾಕು. ದಿನಕ್ಕೆ ಎರಡು ಸಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಮಲಗಿದರೆ ಹಣೆಗೆ ಇಳಿದು ಅಲ್ಲಿ ರೋಮಕೂಪ ಕಟ್ಟಿಕೊಳ್ಳುತ್ತೆ. ಹಚ್ಚಲೇಬೇಕು ಅಂದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿ ತೊಳೆದುಬಿಡು. ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಎರಡು ಬೆರಳ ಉದ್ದಕ್ಕೆ ಹಾಕಿ ಮುಖ, ಕುತ್ತಿಗೆಗೆ. ಮೋಡ ಇದ್ದರೂ ಬಿಡಬೇಡ. ಬಿಸಿಲೂ ಆ ಕಪ್ಪು ಕಲೆಯನ್ನ ಗಟ್ಟಿ ಮಾಡುತ್ತೆ.

ಹುಡುಗಿ: ಪಾರ್ಲರಿಗೆ?

ಚಿಕ್ಕಮ್ಮ: ಮುಖಕ್ಕೆ ವ್ಯಾಕ್ಸ್ ಮಾಡಿಸಬೇಡ. ಈ ಜೆಲ್ ಹಚ್ಚೋ ಚರ್ಮದಲ್ಲಿ ವ್ಯಾಕ್ಸಿನ ಜೊತೆ ಮೇಲ್ಪದರವೇ ಕಿತ್ತು ಬರಬಹುದು. ಬ್ಲೀಚೂ ಬೇಡ. ಹುಬ್ಬಿಗೆ, ಮೇಲ್ತುಟಿಗೆ ಥ್ರೆಡಿಂಗ್ ಮಾಡಿಸೋದಾದರೆ ಒಂದು ವಾರ ಮುಂಚಿನಿಂದ ಆ ಜಾಗಕ್ಕೆ ಜೆಲ್ ನಿಲ್ಲಿಸು, ಮಾಡಿಸಿದ ಮೇಲೂ ಒಂದೆರಡು ದಿನ ಬಿಡು.

ಹುಡುಗಿ: ಚೀಟಿ ಕೇಳೋದು ಒಳ್ಳೇದು ಅಂದಿರಲ್ಲ, ಆ ದೊಡ್ಡ ಕಥೆ ಹೇಳಿ.

ಚಿಕ್ಕಮ್ಮ: ಅದು ನನ್ನ ಹೊಟ್ಟೆ ಉರಿಸೋ ವಿಷಯ. ಇದೇ ಕ್ಲಿಗ್‌ಮನ್, ವಿಲ್ಲಿಸ್ ಅನ್ನೋರ ಜೊತೆ ಸೇರಿ 1975ರಲ್ಲಿ ಮುಖದ ಬಂಗಿಗೆ ಅಂತ ಒಂದು ಮಿಶ್ರಣ ಬರೆದರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್. ಡಾಕ್ಟರ ಕಣ್ಣಳತೆಯಲ್ಲಿ, ಕೆಲವೇ ವಾರಕ್ಕೆ ಅಂತ ಮಾಡಿದ್ದು. ಅದರ ತಮ್ಮನಂಥ ಮಿಶ್ರಣ ನಮ್ಮ ದೇಶದಲ್ಲಿ ಎಷ್ಟೋ ಹೆಸರಿನಲ್ಲಿ ಮಾರಾಟವಾಗುತ್ತೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಜನ ಅದನ್ನ ಬೆಳ್ಳಗಾಗೋ ಕ್ರೀಮ್ ಅಂತ ಹಚ್ಚುತ್ತಾರೆ. ಸ್ಟೀರಾಯ್ಡ್ ಇರೋದರಿಂದ ಮೊದಲ ವಾರದಲ್ಲೇ ಮೊಡವೆ ಇಳಿದು ಮುಖ ತಿಳಿಯಾಗುತ್ತೆ. ಅಕ್ಕಪಕ್ಕದೋರು ಯಾವ ಕ್ರೀಮ್ ಅಂತ ಕೇಳ್ತಾರೆ, ಹೆಸರು ಬಾಯಿಂದ ಬಾಯಿಗೆ ಹೋಗುತ್ತೆ. ಆರು ತಿಂಗಳಿಗೆ ಚರ್ಮ ತೆಳುವಾಗಿ ನರ ಕಾಣೋಕೆ ಶುರು. ಬಿಸಿಲಿಗೆ ಹೋದರೆ ಕೆಂಡ. ಮುಖದ ಮೇಲೆ ಕೂದಲು, ಮೊದಲಿಗಿಂತ ಹೆಚ್ಚು ಮೊಡವೆ. ನಿಲ್ಲಿಸಿದರೆ ಇನ್ನೂ ಉರಿ, ಹಾಗಾಗಿ ಮತ್ತೆ ಹಚ್ಚೋದು. ಇದರಿಂದ ಬಿಡಿಸಿಕೊಳ್ಳೋಕೆ ತಿಂಗಳುಗಳೇ ಬೇಕು.

ಹುಡುಗಿ: ಡಬ್ಬದ ಮೇಲೆ ಟ್ರೆಟಿನಾಯಿನ್ ಅಂತ ಇದ್ದರೆ ಒಳ್ಳೇದೇ ಅಂದ್ಕೊಂಡು ನಾನೂ ತಗೊಂಡುಬಿಡ್ತಿದ್ದೆ.

ಚಿಕ್ಕಮ್ಮ: ಅದಕ್ಕೇ ಹೇಳಿದ್ದು. 2018ರಲ್ಲಿ ಸರ್ಕಾರ ಚರ್ಮಕ್ಕೆ ಹಚ್ಚೋ ಎಷ್ಟೋ ಸ್ಟೀರಾಯ್ಡ್ ಕ್ರೀಮುಗಳನ್ನ ಚೀಟಿ ಇಲ್ಲದೆ ಕೊಡಬಾರದು ಅಂತ ನಿಯಮ ಬಿಗಿ ಮಾಡಿತು. ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಇದರ ವಿರುದ್ಧ ದನಿ ಎತ್ತಿದೆ. ಆದರೂ ಕೇಳಿದ ತಕ್ಷಣ ಕೊಡೋ ಅಂಗಡಿಗಳು ಇದ್ದೇ ಇವೆ. ಯಾವ ಟ್ಯೂಬ್ ತಗೊಂಡರೂ ದೊಡ್ಡಕ್ಷರದ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದು. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್, ಇವು ಯಾವುದಿದ್ದರೂ ಮೊಡವೆ ಮುಖಕ್ಕೆ ಬೇಡ. ನಿನ್ನ ಜೆಲ್ಲಿನಲ್ಲಿ ಅಡಾಪಲೀನ್ ಒಂದೇ ಇದೆ, ನಾನು ಆಗಲೇ ಓದಿದೆ. ಇನ್ನೊಂದು ಮಾತು, ಇದರಿಂದ ನೀನು ಬೆಳ್ಳಗಾಗಲ್ಲ. ಬೆಳ್ಳಗಾಗೋ ಅಗತ್ಯ ನಿನಗಿಲ್ಲ. ಕಲೆ ಹೋಗಿ ನಿನ್ನ ಬಣ್ಣ ನಿನಗೆ ವಾಪಸ್ ಬರಬೇಕು, ನಮಗೆ ಬೇಕಿರೋದು ಅಷ್ಟು.

ಹುಡುಗಿ: ಕ್ಲಿಂಡಾಮೈಸಿನ್ ಸೇರಿದ ಜೆಲ್ಲೂ ಇದೆಯಲ್ಲ? ಗೆಳತಿಗೆ ಅದನ್ನ ಕೊಟ್ಟಿದ್ದಾರೆ.

ಚಿಕ್ಕಮ್ಮ: ಕೀವು ತುಂಬಿದ ಮೊಡವೆ ಹೆಚ್ಚಿದ್ದರೆ ಕೊಡ್ತಾರೆ, ಆದರೆ ಅದು ಆಂಟಿಬಯಾಟಿಕ್. ಕೆಲವು ತಿಂಗಳಿಗಷ್ಟೇ. ಅದೊಂದನ್ನೇ ವರ್ಷಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗಾಗುತ್ತೆ. ನಿನಗೆ ಮುಂದೆ ಇನ್ನೊಂದು ಬೇಕಾದರೆ ಡಾಕ್ಟರು ಬೆಂಜಾಯ್ಲ್ ಪೆರಾಕ್ಸೈಡ್ ಸೇರಿಸಬಹುದು. ಅದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳಲ್ಲ, ಅಡಾಪಲೀನ್ ಜೊತೆಗೂ ಜಗಳವಿಲ್ಲ. ಟ್ರೆಟಿನಾಯಿನ್ ಮಾತ್ರ ಸಾಮಾನ್ಯವಾಗಿ ಅದರ ಜೊತೆ ಕೆಡುತ್ತೆ, ಬೆಳಕಿಗೂ ಕೆಡುತ್ತೆ. ಬೆಂಜಾಯ್ಲ್ ಹಚ್ಚೋ ದಿನ ಬಿಳೀ ದಿಂಬಿನ ಕವರ್ ಹಾಕ್ಕೊ, ಬಣ್ಣದ ಬಟ್ಟೆ ಬಿಳಿಚುತ್ತೆ.

ಹುಡುಗಿ: ಅಕ್ಕನಿಗೂ ಸ್ವಲ್ಪ ಮೊಡವೆ ಇದೆ. ಒಂದೇ ಟ್ಯೂಬಿನಲ್ಲಿ ಇಬ್ಬರೂ ಹಚ್ಕೊಳ್ಳೋಣ ಅಂದಳು.

ಚಿಕ್ಕಮ್ಮ: ಬೇಡ. ಅವಳು ಮಗು ಬೇಕು ಅಂತ ನೋಡ್ತಿದ್ದಾಳೆ, ನಿಮ್ಮಮ್ಮ ನನಗೆ ಹೇಳಿದ್ದಾರೆ. ಹಚ್ಚೋ ರೆಟಿನಾಯ್ಡ್ ರಕ್ತಕ್ಕೆ ಸೇರೋದು ಬಹಳ ಕಮ್ಮಿ, ನಿಜ. ಆದರೂ ಗರ್ಭ ಧರಿಸೋಕೆ ನೋಡ್ತಿರೋರಿಗೆ, ಬಸುರಿಯರಿಗೆ ಇದನ್ನ ಕೊಡಲ್ಲ. ಇದೇ ಕುಟುಂಬದ ಐಸೊಟ್ರೆಟಿನಾಯಿನ್ ಗುಳಿಗೆ ಹೊಟ್ಟೆಯೊಳಗಿನ ಮಗುವಿಗೆ ಭಾರೀ ಅಂಗವೈಕಲ್ಯ ತರಬಲ್ಲದು, ಅದನ್ನ ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದು. ಜೆಲ್ಲಿನ ವಿಷಯದಲ್ಲೂ ಯಾರೂ ಆ ಜೂಜಿಗೆ ಹೋಗಲ್ಲ. ಅಕ್ಕ ಬೇರೆ ಡಾಕ್ಟರನ್ನ ಕಂಡು, ಮಗು ವಿಷಯ ಹೇಳಿ, ತನಗೆ ಹೊಂದೋದು ಬರೆಸಿಕೊಳ್ಳಲಿ. ಅವಳಿಗೆ ಹೊಂದೋ ಔಷಧಿಗಳೂ ಇವೆ. ಮದುವೆಯಾದ ಮೇಲೆ ನಿನಗೂ ಈ ಮಾತು ಲಾಗೂ.

ಹುಡುಗಿ: ನನಗೆ ಗದ್ದದ ಅಂಚಿನಲ್ಲೇ ಜಾಸ್ತಿ. ತಿಂಗಳ ಮುಟ್ಟೂ ಹಿಂದೆ ಮುಂದೆ ಆಗ್ತಿರುತ್ತೆ. ಡಾಕ್ಟರಿಗೆ ಹೇಳೋಕೆ ಸಂಕೋಚ ಆಯ್ತು.

ಚಿಕ್ಕಮ್ಮ: ಅದನ್ನ ಹೇಳಲೇಬೇಕಿತ್ತು ಮಗಳೇ. ಮುಟ್ಟು ತಪ್ಪೋದು, ಗದ್ದದ ಮೇಲೆ ಒರಟು ಕೂದಲು, ಗದ್ದದ ಸುತ್ತ ಆಳವಾದ ಮೊಡವೆ, ಇವು ಒಟ್ಟಿಗಿದ್ದರೆ ಹಾರ್ಮೋನ್ ನೋಡಿಸಬೇಕು. ಜೆಲ್ ಹಚ್ಚೋದು ತಪ್ಪಲ್ಲ, ಆದರೆ ಜೆಲ್ ಒಂದರಿಂದಲೇ ಮುಗಿಯೋದಲ್ಲ. ಮೂರು ತಿಂಗಳು ಕಾಯೋದು ಬೇಡ, ಇದೇ ವಾರ ಹೆಂಗಸರ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ. ಆಮೇಲೆ, ಮುಟ್ಟಿದರೆ ನೋಯೋ ದೊಡ್ಡ ಗಂಟುಗಳು ಎದ್ದರೆ, ಗುಳಿ ಬೀಳ್ತಿದ್ದರೆ ಆಗಲೂ ಕಾಯಬೇಡ, ಗುಳಿ ಬಿದ್ದರೆ ತುಂಬಿಸೋದು ಕಷ್ಟ. ಹಣೆಯಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು ಬರೀ ತುರಿಸ್ತಿದ್ದರೆ ಅದು ಮೊಡವೆಯೇ ಅಲ್ಲದೇ ಇರಬಹುದು. ಶಿಲೀಂಧ್ರದಿಂದ ಹಾಗಾಗುತ್ತೆ, ಅದರ ಮದ್ದೇ ಬೇರೆ.

ಹುಡುಗಿ: ಗುಣ ಕಾಣ್ತಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗುತ್ತೆ? ದಿನಾ ಕನ್ನಡಿ ನೋಡಿದರೆ ದಿನಾ ಒಂದೇ ಥರ ಕಾಣುತ್ತೆ.

ಚಿಕ್ಕಮ್ಮ: ಅದಕ್ಕೆ ಎರಡು ವಾರಕ್ಕೊಮ್ಮೆ ಒಂದೇ ಕಿಟಕಿ ಪಕ್ಕ, ಒಂದೇ ಹೊತ್ತಿನಲ್ಲಿ ಫೋಟೋ ತೆಗೆದಿಡು. ಫಿಲ್ಟರ್ ಇಲ್ಲದೆ. ಮೂರು ತಿಂಗಳಿಗೆ ಆ ಫೋಟೋಗಳನ್ನೇ ಡಾಕ್ಟರಿಗೆ ತೋರಿಸು, ಬಾಯಲ್ಲಿ ಹೇಳೋದಕ್ಕಿಂತ ಅವರಿಗೆ ಅದರಿಂದ ಹೆಚ್ಚು ತಿಳಿಯುತ್ತೆ.

ಹುಡುಗಿ: ಎಲ್ಲಾ ಹೋದ ಮೇಲೆ ನಿಲ್ಲಿಸಬಹುದಾ?

ಚಿಕ್ಕಮ್ಮ: ನಿಲ್ಲಿಸಿದರೆ ಆ ಕಾಣದ ಕಟ್ಟುವಿಕೆ ಮತ್ತೆ ಶುರುವಾಗುತ್ತೆ. ಮುಖ ತಿಳಿಯಾದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಇದನ್ನ ಮುಂದುವರಿಸ್ತಾರೆ. ಎಷ್ಟು ರಾತ್ರಿ ಅಂತ ಡಾಕ್ಟರು ಹೇಳ್ತಾರೆ. ಆಂಟಿಬಯಾಟಿಕ್ಕನ್ನ ಹಾಗೆ ವರ್ಷಗಟ್ಟಲೆ ಹಚ್ಚೋಕಾಗಲ್ಲ, ಇದನ್ನ ಹಚ್ಚಬಹುದು.

ಹುಡುಗಿ: ಹಾಗಾದರೆ ಇವತ್ತು ರಾತ್ರಿಯಿಂದಲೇ ಶುರು ಮಾಡ್ತೀನಿ.

ಚಿಕ್ಕಮ್ಮ: ಮುಂದಿನ ಭಾನುವಾರ ನಿಮ್ಮ ಮಾವನ ಮಗನ ಮದುವೆ ಇದೆಯಲ್ಲ. ಚರ್ಮ ಒಣಗಿ ಸಿಪ್ಪೆ ಏಳೋದಿದ್ದರೆ ಸಾಮಾನ್ಯವಾಗಿ ಮೊದಲ ವಾರಗಳಲ್ಲೇ. ಅದರ ಮೇಲೆ ಮೇಕಪ್ ಹಾಕಿ, ಸಂಜೆಗೆ ಉಜ್ಜಿ ತೊಳೆದು, ನೀನು ಸೋಮವಾರವೇ ಬಿಟ್ಟುಬಿಡ್ತೀಯ. ಈ ವಾರ ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ರೂಢಿ ಮಾಡ್ಕೊ, ಸ್ಕ್ರಬ್ ನಿಲ್ಲಿಸು. ಮದುವೆ ಮುಗಿದು ಬಂದ ಸೋಮವಾರ ರಾತ್ರಿ, ಒಂದು ಬಟಾಣಿ ಕಾಳಿನಷ್ಟು. ಆಮೇಲೆ ಗುರುವಾರ.